ಪ್ಲೇಟಿಗೇರಿದ ರಾಜನೀತಿ

ಪುಸ್ತಕ ಓದುವುದಕ್ಕಿಂತ, ಇನ್ನೊಬ್ಬರಿಗೆ ಓದಿರಿ ಎಂದು ಹೇಳುವುದರಲ್ಲಿ ಸುಖ ಹೆಚ್ಚು. ಓದಲು ಕೂತರೆ ಕಣ್ಣು ಉರಿಯುತ್ತದೆ, ಸೊಂಟ ಹಿಡಿಯುತ್ತದೆ, ನಾಲ್ಕನೆಯ ಪುಟಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಎಣ್ಣೆ ತೀರಿರುತ್ತದೆ. ಓದಿರಿ ಎಂದು ಹೇಳುವುದಕ್ಕೆ ಇಂಥ ತಾಪತ್ರಯ ಯಾವುದೂ ಇಲ್ಲ. ಗ್ರಂಥದ ಹೆಸರು ತಿಳಿದಿದ್ದು, ಹೆಸರು ಹೇಳಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳಲು ಬಂದರೆ ಸಾಕು. ಅದರಲ್ಲೂ ನಮ್ಮ ಪುರಾತನ ರಾಜನೀತಿಯ ಗ್ರಂಥಗಳು, ತತ್ವಶಾಸ್ತ್ರದ ಗ್ರಂಥಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಅವುಗಳ ಮೇಲೆ ಎಲ್ಲರಿಗೂ ಭಕ್ತಿ. ಭಕ್ತಿ ಇರುವುದರಿಂದ ಯಾರೂ ಬಿಚ್ಚುವುದಿಲ್ಲ. ಬಿಚ್ಚದೆ ಇರುವುದರಿಂದ ನೀವು ಹೇಳಿದ್ದು ಸುಳ್ಳು ಎಂದು ಯಾರೂ ಸಾಧಿಸುವಂತಿಲ್ಲ. ನಾನು ಬಹಳ ವರ್ಷ ಈ ಸುಖವನ್ನು ಉಂಡವನು. ಒಂದು ಸಲ ಮಾತ್ರ ನನ್ನ ಶಿಫಾರಸನ್ನು ಖರೆ ಎಂದು ತಿಳಿದು ಒಬ್ಬರು ಹುಡುಕಿಕೊಂಡು ಬಂದರು. ಆ ಗ್ರಂಥದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ, ಪೂರ್ತಿ ಓದಿದ್ದೀರಾ ಎಂದು ನೀವು ಕೇಳುತ್ತೀರಿ.

ಆಗಿನ್ನೂ ಬ್ರಿಟಿಷರ ಕಾಲ. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರನಾಗಿದ್ದೆ. ಹಿಂದಿ ಕಲಿಸುವವನು ಹಿಂದಿ ಮಾತಾಡುವವರನ್ನು ಕಂಡಿರಬೇಕು ಎಂಬ ನಿಯಮ ನಮ್ಮ ಸೀಮೆಯಲ್ಲಿ ಇರಲಿಲ್ಲ. ನಾನು ಪುಸ್ತಕದಿಂದ ಕಲಿತು, ಪರೀಕ್ಷೆಗೆ ಕೂತು, ಪಾಸಾಗಿ, ಮರುವರ್ಷವೇ ಕಲಿಸತೊಡಗಿದ್ದೆ. ಒಮ್ಮೆ ಘಟಪ್ರಭಾ ಸ್ಟೇಶನ್ನಿನಲ್ಲಿ ಉತ್ತರದ ಕಡೆಯ ಸಾಧುವೊಬ್ಬ ಸಿಕ್ಕಾಗ ಹಿಗ್ಗಿನಿಂದ ಅವನ ಬಾಜೂ ಕೂತು ರೈಲು ಬರುವವರೆಗೂ ಹಿಂದಿಯಲ್ಲಿ ಮಾತಾಡಿದೆ. ಅವನು ತಲೆದೂಗಿ ಎಲ್ಲವನ್ನೂ ಕೇಳಿದ. ಕೊನೆಗೆ ಕೈಮುಗಿದು, ತನಗೆ ಕನ್ನಡ ಬರುವುದಿಲ್ಲ, ಕ್ಷಮಿಸಬೇಕು ಎಂದ. ನಾನು ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ.

ನನ್ನನ್ನು ಹುಡುಕಿಕೊಂಡು ಬಂದವರು ಮೂಡಲಗಿಯ ಈರಪ್ಪಣ್ಣ. ದನದ ಹಿಂಡಿ, ಕಂದೀಲು, ಹಗ್ಗ ಮಾರುವ ಅಂಗಡಿಯವರು. ಇತ್ತೀಚೆಗೆ ಹಿಂಡಿ ಚೀಲದ ಮೇಲೊಂದು ಗ್ರಾಮಫೋನು ಇಟ್ಟುಕೊಂಡು ಅದನ್ನೂ ಅದರ ಪ್ಲೇಟುಗಳನ್ನೂ ಮಾರತೊಡಗಿದ್ದರು. ಊರಿನವರು ಪ್ಲೇಟು ಕೇಳಲು ಬಂದು ಹಗ್ಗ ಕೊಂಡು ಹೋಗುತ್ತಿದ್ದರು. ಅವರಿಗೆ ಪ್ಲೇಟು ಕಳಿಸುವ ಮುಂಬಯಿಯ ಕಂಪನಿಗೆ ಒಂದು ಹೊಸ ವಿಚಾರ ಬಂದಿತ್ತಂತೆ. ಹಾಡು, ನಾಟಕದ ಪದ ಎಷ್ಟು ದಿನ? ನಮ್ಮ ದೇಶದಲ್ಲಿ ಓದು ಬಾರದವರೇ ಹೆಚ್ಚು. ಅವರು ಪ್ರಾಚೀನರ ಜ್ಞಾನವನ್ನು ಕಿವಿಯಿಂದಲೇ ಪಡೆಯಲಿ. ಅದೂ ಹಿಂದಿಯಲ್ಲಿ, ಇಡೀ ದೇಶಕ್ಕೆ ಒಂದೇ ಸಲ. ಯಾವ ಗ್ರಂಥ, ಅದರಲ್ಲಿ ಯಾವ ಭಾಗ ಎಂದು ತಿಳಿದವರು ಶಿಫಾರಸು ಮಾಡಬೇಕು. ಶಿಫಾರಸು ಮಾಡಿದವರ ದನಿ ಚೆನ್ನಾಗಿದ್ದರೆ ಅವರೇ ಓದಬಹುದು. ಇದನ್ನೆಲ್ಲ ಹೇಳುವ ಮೊದಲು ಈರಪ್ಪಣ್ಣ ನಮ್ಮ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಧೋತರದ ತುದಿಯಿಂದ ಬಾಯಿ ಒರೆಸಿಕೊಂಡು ಒಂದೇ ಮಾತು ಹೇಳಿದರು. "ಮಾಸ್ತರ್ರ, ನಿಮ್ಮ ದನಿ ಪ್ಲೇಟಿನ್ಯಾಗ ಹೋಗ್ತೈತ್ರಿ."

ಆ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಪ್ಲೇಟಿನಲ್ಲಿ ದನಿ ಎಂದರೇನು ಸಾಮಾನ್ಯವೇ? ಮನುಷ್ಯ ಹೋಗುತ್ತಾನೆ, ಅವನ ಪಗಾರ ಅವನಿಗಿಂತ ಮೊದಲೇ ಹೋಗಿರುತ್ತದೆ, ದನಿ ಮಾತ್ರ ಉಳಿಯುತ್ತದೆ. ಕಾಶಿಯಲ್ಲಿ ಯಾರೋ ಕೀಲಿ ಕೊಟ್ಟರೆ ಗೋಕಾಕದ ನಾನು ಅಲ್ಲಿ ಮಾತಾಡುತ್ತೇನೆ! ಈರಪ್ಪಣ್ಣ ಇನ್ನೂ ಓಣಿ ದಾಟಿರಲಿಲ್ಲ, ನಾನು ಟೊಪ್ಪಿಗೆ ಹಾಕಿಕೊಂಡು ಹೊರಬಿದ್ದೆ. ಕ್ಷೌರದವನಿಗೆ ಹೇಳಿದೆ, ಹೆಡ್‌ಮಾಸ್ತರರಿಗೆ ಹೇಳಿದೆ, ಕರದಂಟಿನ ಅಂಗಡಿಯ ಮುಂದೆ ಪಾಳಿ ಮುಗಿಸಿ ನಿಂತಿದ್ದ ಗಿರಣಿಯವರಿಗೆಲ್ಲ ಹೇಳಿದೆ. ಸಂಜೆಯ ಹೊತ್ತಿಗೆ, ನನ್ನ ಪ್ಲೇಟು ಆಗಲೇ ಬಂದಿದೆ, ಕೇಳಿದವರೂ ಇದ್ದಾರೆ ಎಂದು ಊರಲ್ಲಿ ಸುದ್ದಿಯಾಗಿತ್ತು. ಇನ್ನು ನನ್ನ ದನಿ ಪ್ಲೇಟಿಗೆ ಹೋಗದೆ ಇದ್ದರೆ ನಾನು ಗೋಕಾಕದಲ್ಲಿ ತಲೆ ಎತ್ತುವಂತಿರಲಿಲ್ಲ.

ಗ್ರಂಥವನ್ನು ಆರಿಸುವುದು ಸುಲಭವೆಂದುಕೊಂಡಿದ್ದೆ. ಆದರೆ ಪ್ಲೇಟಿನ ಒಂದು ಮಗ್ಗಲಿನಲ್ಲಿ ಹಿಡಿಯುವುದು ಚಹಾ ಕುದಿಯುವಷ್ಟು ಹೊತ್ತಿನ ಮಾತು ಮಾತ್ರ. ನಾನು ಮೊದಲು ಸೂಚಿಸಿದ ಗ್ರಂಥದ ದಪ್ಪವನ್ನು ಈರಪ್ಪಣ್ಣ ಬೆರಳಿನಿಂದ ಅಳೆದು, ಇದನ್ನು ಪೂರ್ತಿ ತುಂಬಿಸಿದರೆ ಪ್ಲೇಟು ಒಂದು ಚಕ್ಕಡಿ ಆಗುತ್ತದೆ, ಜ್ಞಾನ ಬೇಕಾದವನು ಮೊದಲು ಎತ್ತು ಕೊಳ್ಳಬೇಕು ಎಂದರು. ಹಾಗಾಗಿ ಒಂದು ಮಗ್ಗಲಿಗೆ ಸಾಲುವ ಭಾಗವನ್ನು ಆರಿಸಿ ಹಿಂದಿಗೆ ತರುವುದೆಂದಾಯಿತು. ನಾನು ತತ್ವಶಾಸ್ತ್ರದಿಂದ ಆರಂಭಿಸಿದೆ. ದನಿ ಪ್ಲೇಟಿಗೆ ಇಳಿಯಬೇಕಾದರೆ ತಗಡಿನ ಕಹಳೆಯೊಳಗೆ ಬಾಯಿ ಇಟ್ಟು ಮಾತಾಡಬೇಕು ಎಂದು ಈರಪ್ಪಣ್ಣನಿಗೆ ಯಾರೋ ಹೇಳಿದ್ದರು. ನಮ್ಮ ಮನೆಯಲ್ಲಿ ಕಹಳೆ ಎಲ್ಲಿಂದ ಬರಬೇಕು? ತಾಮ್ರದ ಕೊಡವನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಅದರ ಬಾಯಿಗೆ ಬಾಯಿ ಇಟ್ಟು ದಿನಾಲು ಶಾಲೆಯಿಂದ ಬಂದ ಮೇಲೆ ರೂಢಿ ಮಾಡತೊಡಗಿದೆ. ಬಾಜೂ ಮನೆಯವರು ಗೋಡೆಯ ಮೇಲಿಂದ ಇಣುಕಿ, ಮಾಸ್ತರರಿಗೆ ವಾಂತಿ ನಿಂತಿತೇ ಎಂದು ಎರಡು ಸಲ ವಿಚಾರಿಸಿದರು.

ನನ್ನ ಹೆಂಡತಿ ಗಂಗವ್ವನಿಗೆ ಹಿಂದಿ ಬಾರದು. ಆದರೆ ಕಿವಿ ಚುರುಕು. ನಾನು ಕೊಡದೊಳಗೆ ಗಂಭೀರವಾಗಿ "ಸಂಸಾರ್ ಅಸಾರ್ ಹೈ, ಸಂಸಾರ್ ಕೋ ತ್ಯಾಗ್ ದೋ" ಎಂದು ಹೇಳುತ್ತಿದ್ದರೆ ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೊದಲು ರೊಟ್ಟಿಯ ಸಪ್ಪಳ ಜೋರಾಯಿತು. ಆಮೇಲೆ ನಿಂತಿತು. ಆ ದಿನ ನನ್ನ ತಾಟಿಗೆ ಬಂದದ್ದು ನಿನ್ನೆಯ ಕಟಕ ರೊಟ್ಟಿ ಮತ್ತು ಬರೀ ಖಾರ. ಯಾಕೆ ಎಂದು ಕೇಳಿದರೆ, ಸಂಸಾರ ಬಿಡುವವರಿಗೆ ಪಲ್ಯ ಯಾಕೆ ಬೇಕು ಎಂದಳು. ಹಿಂದಿಯಲ್ಲಿ ಸಂಸಾರವೆಂದರೆ ಹೆಂಡತಿ ಮಕ್ಕಳಲ್ಲ, ಇಡೀ ಜಗತ್ತು ಎಂದು ನಾನು ವ್ಯಾಕರಣ ಸಹಿತ ವಿವರಿಸಿದೆ. ಆಕೆ ಸಮಾಧಾನವಾಗಿ ಕೇಳಿಕೊಂಡು, "ಇಡೀ ಜಗತ್ತಽ ಬಿಡಾವ್ರು ನನ್ನ ಒಬ್ಬಾಕಿನ ಹೆಂಗ ಇಟ್ಕೋತೀರಿ?" ಎಂದಳು. ನಾನು ತತ್ವಶಾಸ್ತ್ರವನ್ನು ಬಿಟ್ಟು ರಾಜನೀತಿಗೆ ಬಂದದ್ದು ಹೀಗೆ. ದೊಡ್ಡವರು ಬೇರೆ ಕಾರಣಕ್ಕೆ ಬಂದಿರಬಹುದು.

ರಾಜನೀತಿಯಲ್ಲಿ ನನಗೆ ಒಳ್ಳೆಯ ಭಾಗವೇ ಸಿಕ್ಕಿತು. ಕೋಟೆ ಹೇಗೆ ಕಟ್ಟಬೇಕು, ವೈರಿಗೆ ವಿಷ ಹೇಗೆ ಹಾಕಬೇಕು ಎಂಬುದನ್ನೆಲ್ಲ ದಾಟಿ, ಪ್ರಜೆಗಳಿಗೆ ವಿದ್ಯೆ ಕೊಡುವುದು ರಾಜನ ಧರ್ಮ ಎಂಬ ಅರ್ಥ ಬರುವಲ್ಲಿಗೆ ಬಂದೆ. ಅದನ್ನು ಹಿಗ್ಗಿಸಿ, ಕುಗ್ಗಿಸಿ, ಅಲ್ಲಲ್ಲಿ ನನ್ನದೂ ನಾಲ್ಕು ಮಾತು ಸೇರಿಸಿ ಹಿಂದಿಗೆ ಇಳಿಸಿದೆ. ಮೊದಲು 'ವಿದ್ಯಾ' ಎಂದೇ ಬರೆದಿದ್ದೆ. ಓದಿ ನೋಡಿದರೆ ಅದು ಕನ್ನಡದಂತೆಯೇ ಕೇಳಿಸಿತು. ನಮ್ಮ ದನ ಕಾಯುವವನಿಗೂ ತಿಳಿಯುವಂಥ ಶಬ್ದ ಹಾಕಿದರೆ ಹಿಂದಿ ಮಾಸ್ತರನ ಮಾನ ಉಳಿಯುತ್ತದೆಯೇ? ವಿದ್ಯೆಗೆ ಉತ್ತರದವರು ಬಳಸುವ ಶುದ್ಧ ಹಿಂದಿ ಮಾತು 'ಶಿಕ್ಷಾ'. ಇದ್ದಲ್ಲೆಲ್ಲ ವಿದ್ಯೆಯನ್ನು ಹೊಡೆದುಹಾಕಿ ಶಿಕ್ಷಾ ಎಂದು ತುಂಬಿದೆ. ಸಂಸಾರದಲ್ಲಿ ಒಮ್ಮೆ ಸುಟ್ಟುಕೊಂಡ ಮನುಷ್ಯನಿಗೆ ಇಷ್ಟಾದರೂ ಹೊಳೆಯಬೇಕಿತ್ತು ಎಂದು ನೀವು ಹೇಳಬಹುದು. ಹೊಳೆಯಲಿಲ್ಲ, ನಾನು ಅಷ್ಟು ಖುಷಿಯಲ್ಲಿದ್ದೆ.

ಪ್ಲೇಟು ಮಾಡುವ ಮೊದಲು ಜನರ ಮುಂದೆ ಓದಿಸಿ ನೋಡಬೇಕೆಂದು ಕಂಪನಿಯವರು ತಮ್ಮ ಕಡೆಯಿಂದ ಒಬ್ಬರನ್ನು ಕಳಿಸಿದರು. ಉತ್ತರ ದೇಶದವರು, ಕಪ್ಪು ಕೋಟು, ನೀಟಾದ ಮೀಸೆ. ನಾವೆಲ್ಲ ಪಂಡಿತಜೀ ಎಂದೆವು. ಎಲ್ಲಿ ಓದಿಸುವುದು ಎಂಬ ಪ್ರಶ್ನೆ ಬಂತು. ಮೂಡಲಗಿಯಲ್ಲಿ ಈರಪ್ಪಣ್ಣನ ಉದ್ರಿ ಗಿರಾಕಿಗಳೇ ತುಂಬಿದ್ದಾರೆ, ಏನು ಓದಿದರೂ ಚಲೋ ಐತಿ ಎನ್ನುತ್ತಾರೆ. ಗೋಕಾಕದಲ್ಲಿ ನನ್ನ ಶಿಷ್ಯರೇ ತುಂಬಿದ್ದಾರೆ, ಏನು ಓದಿದರೂ ನಗುತ್ತಾರೆ. ನಮ್ಮಿಬ್ಬರನ್ನೂ ಅರಿಯದ ಊರು ಬೇಕು. ಹಾಗೆ ಹುಕ್ಕೇರಿ ಗೊತ್ತಾಯಿತು. ಸಂತೆಯ ದಿನ ಗ್ರಾಮಫೋನನ್ನು ಜಮಖಾನೆಯಲ್ಲಿ ಸುತ್ತಿ, ಸರ್ವಿಸ್ ಮೋಟಾರಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು. ಪಂಡಿತಜೀ ಜೊತೆ ನಾನು ಹಿಂದಿಯಲ್ಲಿ ಮಾತಾಡಿದೆ. ಈ ಸಲ ಅವರಿಗೆ ಅರ್ಥವಾಯಿತು. ಅದೇ ದೊಡ್ಡ ಶಕುನವೆಂದು ತಿಳಿದೆ.

ಸಂತೆಯಲ್ಲಿ ಒಂದು ಅರಳೆ ಅಂಗಡಿಯ ಕಟ್ಟೆಯ ಮೇಲೆ ಗ್ರಾಮಫೋನು ಇಟ್ಟು ಈರಪ್ಪಣ್ಣ ಎರಡು ನಾಟಕದ ಪ್ಲೇಟು ಹಚ್ಚಿದರು. ಜನ ಮುತ್ತಿತು. ಬದನೆಕಾಯಿ ಚೀಲ ಹೊತ್ತವರು, ಎಮ್ಮೆ ಕೊಳ್ಳಲು ದಡ್ಡಿ ಊರಿನಿಂದ ಬಂದವರು, ಕೂಸನ್ನು ಬಗಲಲ್ಲಿ ಇಟ್ಟುಕೊಂಡ ಹೆಂಗಸರು. ಅವರ ಹಿಂದೆ, ಬಗಲಲ್ಲಿ ಬೆತ್ತ ಇಟ್ಟುಕೊಂಡು ಊರ ಪೊಲೀಸ್ ಫೌಜದಾರರು ಬಂದು ನಿಂತರು. ಆ ದಿನಗಳಲ್ಲಿ ಬಿಳಿ ಟೊಪ್ಪಿಗೆ ಹಾಕಿ ಹಿಂದಿಯಲ್ಲಿ ಮಾತಾಡುವವನು ಎಂದರೆ ಸರಕಾರಕ್ಕೆ ಅರ್ಧ ಗುನ್ಹೆಗಾರ. ನನ್ನ ಹಿಂದಿ ಗಂಟಲಲ್ಲೇ ಒಣಗಿತು. ಆದರೂ ಪ್ಲೇಟಿನ ಆಸೆ ಎಂಥದು ನೋಡಿ, ದನಿ ತಾನಾಗಿ ಏರಿತು. "ರಾಜಾ ಕಾ ಪೆಹಲಾ ಧರ್ಮ ಹೈ ಪ್ರಜಾ ಕೋ ಶಿಕ್ಷಾ ದೇನಾ. ಸ್ತ್ರೀ ಹೋ ಯಾ ಪುರುಷ, ಶಿಕ್ಷಾ ಸಬ್ ಕೋ ಮಿಲೇ. ಜೋ ಸಬ್ ಕೋ ಶಿಕ್ಷಾ ನ ದೇ, ವಹ್ ರಾಜಾ ರಾಜಾ ನಹೀಂ." ಹೀಗೆ ಚಹಾ ಕುದಿಯುವಷ್ಟು ಹೊತ್ತು ಓದಿದೆ. ಜನ ಪಿಟ್ಟೆನ್ನಲಿಲ್ಲ. ಆಹಾ, ಹಿಡಿದಿಟ್ಟೆ ಎಂದುಕೊಂಡೆ.

ಮುಗಿದ ಮೇಲೆ ಮೊದಲು ಚಪ್ಪಾಳೆ ತಟ್ಟಿದವರು ಫೌಜದಾರರು. ಅವರೊಬ್ಬರೇ ತಟ್ಟಿದರು. ಮುಂದೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ಬಿಳಿ ಟೊಪ್ಪಿಗೆಯವರಲ್ಲಿ ಇಷ್ಟು ಬುದ್ಧಿಯ ಮಾತು ಆಡಿದವನನ್ನು ತಾವು ಇದೇ ಮೊದಲು ಕಂಡದ್ದು ಎಂದರು. ನನಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಬದನೆಕಾಯಿ ಚೀಲದ ಗೌಡರೊಬ್ಬರು ಚೀಲವನ್ನು ಕೆಳಗಿಟ್ಟು ಕೇಳಿದರು. "ಅಲ್ರಿ, ಹೆಣ್ಣು ಗಂಡು ಅನ್ನದ ಎಲ್ಲಾರಿಗೂ ಶಿಕ್ಷಾ ಕೊಡ್ರಿ ಅಂತೀರಲ್ಲ, ನಾವು ಏನ್ ಕಳವು ಮಾಡೇವ್ರಿ?" ಕೂಸಿನ ತಾಯಿಯೊಬ್ಬಳು, ಇವನ ಬಾಯಿಗೆ ಮಣ್ಣು ಬೀಳಲಿ ಎಂದು ಸಣ್ಣ ದನಿಯಲ್ಲಿ ಹರಸಿದಳು. ಆಗ ನನಗೆ ತಿಳಿಯಿತು. ನಮ್ಮ ಕನ್ನಡದಲ್ಲಿ ಶಿಕ್ಷೆಯೆಂದರೆ ಶಿಕ್ಷೆ. ಬಾಜೂ ಮರಾಠಿಯಲ್ಲೂ ಅದೇ. ಹುಕ್ಕೇರಿಯ ಸಂತೆಯಲ್ಲಿ ನಿಂತು ನಾನು ಪ್ರಾಚೀನ ಋಷಿಯ ಹೆಸರಿನಲ್ಲಿ, ಒಬ್ಬರನ್ನೂ ಬಿಡದಂತೆ ಎಲ್ಲರನ್ನೂ ಬಡಿಯಿರಿ ಎಂದು ಹೇಳಿದ್ದೆ! ಇತ್ತ ಪಂಡಿತಜೀಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಅವರು ನನ್ನ ಕಿವಿಯಲ್ಲಿ, ವಿದ್ಯೆಯ ಮಾತೆತ್ತಿದರೆ ಇಲ್ಲಿನ ಜನಕ್ಕೆ ಯಾಕೆ ಇಷ್ಟು ಸಿಟ್ಟು, ಪೊಲೀಸರಿಗೆ ಮಾತ್ರ ಇಷ್ಟು ವಿದ್ಯಾಭಿಮಾನ ಹೇಗೆ ಬಂತು ಎಂದು ಕೇಳಿದರು.

ಸುಮ್ಮನಿದ್ದರೆ ಜನ ಕಲ್ಲು ಎತ್ತುವಂತಿತ್ತು. ನಾನು ಕೈಮುಗಿದು ಕನ್ನಡಕ್ಕೆ ಬಂದು, ಅಪ್ಪಗಳಿರಾ, ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ, ಸಾಲಿ ಕಲಿಸುವುದು, ಎಲ್ಲರಿಗೂ ಸಾಲಿ ಕಲಿಸಬೇಕೆಂದು ಹಿರಿಯರು ಹೇಳಿದ್ದಾರೆ ಎಂದು ಬಿಡಿಸಿ ಹೇಳಿದೆ. ಜನರ ಮುಖ ಸಡಿಲವಾಯಿತು. ಆದರೆ ನನ್ನ ಭುಜದ ಮೇಲಿದ್ದ ಫೌಜದಾರರ ಕೈ ಬಿಗಿಯಾಯಿತು.

"ತಡೀರಿ ಮಾಸ್ತರ. ಎಲ್ಲಾರಿಗೂ ಸಾಲಿ ಕಲಸದ ರಾಜಾ, ರಾಜಾನ ಅಲ್ಲ ಅಂದಂಗಾತು. ಯಾವ ರಾಜಾಗ ಅಂದ್ರಿ ಈ ಮಾತು?"

"ಹಳೇ ಕಾಲದ ರಾಜಾಗ್ರಿ, ಸಾಹೇಬ್ರ."

"ಹಳೇ ರಾಜಾಗ ಹೇಳೂದನ್ನ ಹುಕ್ಕೇರಿ ಸಂತ್ಯಾಗ ಯಾಕ ಹೇಳಾಕತ್ತೀರಿ?"

ಇದು ನ್ಯಾಯವಾದ ಪ್ರಶ್ನೆ. ನನ್ನ ಸ್ಥಿತಿಯನ್ನು ನೀವೇ ಲೆಕ್ಕ ಹಾಕಿರಿ. ಶಿಕ್ಷಾ ಎಂದರೆ ಶಿಕ್ಷೆ ಎಂದರೆ ಜನ ಬಿಡುವುದಿಲ್ಲ. ಶಿಕ್ಷಾ ಎಂದರೆ ವಿದ್ಯೆ ಎಂದರೆ ರಾಜದ್ರೋಹ, ಫೌಜದಾರರು ಬಿಡುವುದಿಲ್ಲ. ಏನೂ ಅಲ್ಲ ಎಂದರೆ ಪ್ಲೇಟು ಹೋಯಿತು, ಗೋಕಾಕವೂ ಹೋಯಿತು. ರಾಜನೀತಿಯ ಗ್ರಂಥದಲ್ಲಿ ಇಂಥ ಹೊತ್ತಿಗೆ ಒಂದು ಉಪಾಯ ಇದ್ದೇ ಇರುತ್ತದೆ; ಅದು ನಾನು ಓದದೆ ಬಿಟ್ಟ ಅಧ್ಯಾಯದಲ್ಲಿ ಇತ್ತೆಂದು ಕಾಣುತ್ತದೆ. ಫೌಜದಾರರು ಬೆತ್ತವನ್ನು ಬಗಲಿನಿಂದ ಕೈಗೆ ತೆಗೆದುಕೊಂಡು, ಶಿಕ್ಷಾ ಎಂದರೆ ಸಾಲಿಯೋ ಹೊಡೆತವೋ, ಎರಡರಲ್ಲಿ ಒಂದು ಹೇಳಿರಿ ಎಂದರು. ನನ್ನ ಬಾಯಿಂದ ಹೊರಟದ್ದು ಇಷ್ಟೇ, "ಎರಡೂ ಆಗ್ತೈತ್ರಿ, ಸಾಹೇಬ್ರ."

ಬದನೆಕಾಯಿ ಗೌಡರು ತಮ್ಮ ಎರಡೂ ಅಂಗೈಯನ್ನು ಮುಂದೆ ಹಿಡಿದು ಹೇಳಿದರು. "ಮಾಸ್ತರು ಖರೇನ ಹೇಳ್ಯಾರ ಬಿಡ್ರಿ. ನಾನೂ ಸಣ್ಣಾಂವಿದ್ದಾಗ ಸಾಲಿಗೆ ಹೋಗಿ ಬಂದೇನಿ. ಅಲ್ಲಿ ಎರಡೂ ಒಂದ ಇದ್ದೂವು."

ಸಂತೆಗೆ ಸಂತೆಯೇ ನಕ್ಕಿತು. ಎಮ್ಮೆ ಕೊಳ್ಳಲು ಬಂದವರು ಎಮ್ಮೆಯ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಫೌಜದಾರರೂ ಸಾಲಿಗೆ ಹೋದವರೇ ಅಲ್ಲವೇ. ಮೀಸೆಯೊಳಗೆ ತಡೆಯಲು ನೋಡಿದರು, ಆಗಲಿಲ್ಲ, ಬೆತ್ತವನ್ನು ಮತ್ತೆ ಬಗಲಿಗೆ ಸೇರಿಸಿ ತಮ್ಮ ಅಂಗೈಯನ್ನೊಮ್ಮೆ ತಿಕ್ಕಿಕೊಂಡು ನಕ್ಕರು. ಈರಪ್ಪಣ್ಣ ಸಮಯ ನೋಡಿ ಒಂದು ಪ್ಲೇಟು ಹಚ್ಚಿ ಎಲ್ಲರ ಗಮನ ಆ ಕಡೆ ತಿರುಗಿಸಿದರು. ನಗದೆ ನಿಂತಿದ್ದವರು ನಾನು ಮತ್ತು ಪಂಡಿತಜೀ ಇಬ್ಬರೇ. ಅರಳೆ ಅಂಗಡಿಯೊಳಗೆ ಅವರನ್ನು ಕರೆದೊಯ್ದು ನಡೆದದ್ದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ನನ್ನ ಪ್ಲೇಟು ಮುಳುಗಿತು ಎಂದು ಹೇಳುವಾಗ ನನಗೆ ಖರೆಯೇ ಅಳು ಬಂದಿತ್ತು. ಅವರು ಕೇಳುತ್ತ ಕೇಳುತ್ತ ಅರಳೆಯ ಗಂಟಿನ ಮೇಲೆ ಕೂತರು, ಆಮೇಲೆ ಅದರ ಮೇಲೇ ಹೊರಳಾಡಿ ನಕ್ಕರು. ಎದ್ದು ಕೋಟು ಝಾಡಿಸಿಕೊಂಡು, ಪ್ಲೇಟು ಆಗುತ್ತದೆ, ಒಂದು ಅಕ್ಷರವನ್ನೂ ಬದಲಿಸಕೂಡದು ಎಂದರು. ದನಿ ಒಂದೇ, ಖರ್ಚು ಒಂದೇ, ಚೀಟಿ ಮಾತ್ರ ಎರಡು. ಉತ್ತರಕ್ಕೆ ಹೋಗುವ ಪ್ಲೇಟಿನ ಮೇಲೆ 'ಪ್ರಾಚೀನ ರಾಜಧರ್ಮ' ಎಂದು ಅಂಟಿಸುವುದು. ಮರಾಠಿ, ಕನ್ನಡ ಸೀಮೆಗೆ ಬರುವುದರ ಮೇಲೆ 'ಹಾಸ್ಯ'.

ನಾನು ಮುಂಬಯಿಗೆ ಹೋದೆ. ಹೊಸ ಟೊಪ್ಪಿಗೆ ಹಾಕಿಕೊಂಡು, ಪ್ರಾಚೀನರನ್ನು ಮನಸ್ಸಿನಲ್ಲಿ ನೆನೆದು, ಒಂದು ನಗೆಯೂ ಒಂದು ಕೆಮ್ಮೂ ಇಲ್ಲದಂತೆ ಗಂಭೀರವಾಗಿ ಓದಿ ಬಂದೆ. ನನ್ನ ಜನ್ಮದಲ್ಲಿ ಅಷ್ಟು ಗಂಭೀರವಾಗಿ ನಾನು ಏನನ್ನೂ ಓದಿಲ್ಲ. ಕಾಶಿಯಲ್ಲಿ ಯಾರೋ ಅದನ್ನು ಕೇಳಿ ಕಣ್ಣು ಮುಚ್ಚಿ ಕೈಮುಗಿಯುತ್ತಿರಬಹುದು ಎಂದು ಈಗಲೂ ನನ್ನ ಆಸೆ. ನಮ್ಮ ಕಡೆ ಪ್ಲೇಟು ಬಂದ ದಿನ ಈರಪ್ಪಣ್ಣ ಹೇಳಿಕಳಿಸಿದರು. ನಾನು ಗಂಗವ್ವನನ್ನೂ ಕರೆದುಕೊಂಡು ಚಕ್ಕಡಿ ಮಾಡಿಕೊಂಡು ಮೂಡಲಗಿಗೆ ಹೋದೆ. ಅಂಗಡಿಯ ಮುಂದೆ ಜನವೋ ಜನ. ಹುಕ್ಕೇರಿಯ ಕಥೆ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಈರಪ್ಪಣ್ಣ ಕೀಲಿ ಕೊಟ್ಟು ಮುಳ್ಳು ಇಳಿಸಿದರು. ಕರ ಕರ ಎಂದಿತು. ಅದಕ್ಕೇ ಜನ ನಕ್ಕರು. ಆಮೇಲೆ ಕಹಳೆಯಿಂದ ನನ್ನ ದನಿ ಬಂತು. ನನ್ನದೇ ದನಿ! 'ಶಿಕ್ಷಾ ಸಬ್ ಕೋ ಮಿಲೇ' ಎಂಬಲ್ಲಿಗೆ ಬಂದಾಗ ಜನ ಕಂಬ ಹಿಡಿದುಕೊಂಡು ನಗುತ್ತಿದ್ದರು. ಮುದುಕರೊಬ್ಬರು ಕಣ್ಣೀರು ಒರೆಸಿಕೊಳ್ಳುತ್ತ, ಇಂಥ ನಗಿಸುವ ನಕಲಿ ಮನುಷ್ಯನನ್ನು ಈ ಸೀಮೆ ಕಂಡಿಲ್ಲ ಎಂದರು.

ಗಂಗವ್ವ ಮಾತ್ರ ನಗಲಿಲ್ಲ. ಹಿಂಡಿ ಚೀಲದ ಪಕ್ಕದಲ್ಲಿ ಸೆರಗು ಹೊದ್ದು ಕೂತು ಮೊದಲಿನಿಂದ ಕೊನೆಯವರೆಗೆ ಕಣ್ಣು ಎವೆಯಿಕ್ಕದೆ ಕೇಳಿದಳು. ಜಗತ್ತಿನಲ್ಲಿ ಒಬ್ಬಳಾದರೂ ನನ್ನ ಗಾಂಭೀರ್ಯವನ್ನು ಗುರುತಿಸಿದಳಲ್ಲ ಎಂದು ನಾನು ಟೊಪ್ಪಿಗೆ ಸರಿಮಾಡಿಕೊಂಡೆ. ಪ್ಲೇಟು ನಿಂತ ಮೇಲೆ ಆಕೆ ಅಷ್ಟೂ ಜನರನ್ನು ಅಚ್ಚರಿಯಿಂದ ನೋಡಿ ಈರಪ್ಪಣ್ಣನನ್ನು ಕೇಳಿದಳು.

"ಅಲ್ಲ ಯಣ್ಣಾ, ಇದರಾಗ ನಗಾಕ ಏನೈತಿ? ಮನಿಯಾಗ ದಿನಾ ಹಿಂಗಽ ಮಾತಾಡ್ತಾರ."

ಈರಪ್ಪಣ್ಣ ಇನ್ನೊಮ್ಮೆ ಕೀಲಿ ಕೊಟ್ಟು, ಪ್ಲೇಟನ್ನು ಮೊದಲಿನಿಂದ ಹಚ್ಚಿದರು.